ನಾಲ್ಕನೆಯ ಅಳು

ಸಿನಿಮಾದಲ್ಲಿ ತೊಟ್ಟಿಲ ಕೂಸು ಅಳುತ್ತದಲ್ಲ, ನಿಜ ಹೇಳಬೇಕೆಂದರೆ ಅದು ಕೂಸೇ ಅಲ್ಲ. ಡಬ್ಬಿಂಗ್ ಕೋಣೆಯ ಕತ್ತಲಲ್ಲಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಿಂತ ನಮ್ಮ ಈ ಹುಡುಗಿ. ಸ್ಟುಡಿಯೋದವರು ಅವಳನ್ನು ಕರೆಯುತ್ತಿದ್ದದ್ದೇ 'ಪಾಪು' ಎಂದು. ಹಸಿವಿನ ಅಳು, ನಿದ್ದೆಯ ಅಳು, ಹೊಟ್ಟೆನೋವಿನ ಅಳು, ಯಾವುದು ಬೇಕು ಹೇಳಿ! ಅಳುವುದರಲ್ಲಿ ಅವಳದು ಎತ್ತಿದ ಕೈ.

ಈಗ ಅವಳಿಗೇ ಒಂದು ಮಗುವಾಗಿತ್ತು. ಅತ್ತೆ ಸಾಮಾನು ತರಲು ಹೋಗಿ, ತಾಯಿ ಮಗು ಇಬ್ಬರೇ ಮನೆಯಲ್ಲಿ ಉಳಿದ ಮೊದಲ ಮಧ್ಯಾಹ್ನ ಅದು. ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ನಿದ್ದೆಗೆಟ್ಟ ಅವಳ ಕಣ್ಣಿಗೆ ಕೋಣೆಯೇ ಉಸಿರಾಡಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಮಗು ಶುರುಮಾಡಿತು.

ಹಸಿವೆಂದು ಎದೆಗೊತ್ತಿಕೊಂಡಳು, ಮುಖ ತಿರುಗಿಸಿತು. ನಿದ್ದೆಯೆಂದು ತೂಗಿದಳು, ಹೊಟ್ಟೆನೋವೆಂದು ಬೆನ್ನು ಸವರಿದಳು, ಬಟ್ಟೆ ಬದಲಿಸಿದಳು, ಗಿಲಕಿ ಆಡಿಸಿದಳು. ಊಹೂಂ! ತನಗೆ ಗೊತ್ತಿದ್ದ ಮೂರು ಅಳುಗಳಲ್ಲಿ ಇದು ಯಾವುದೂ ಅಲ್ಲ. ಸಿನಿಮಾದ ಮಕ್ಕಳಿಗೆಲ್ಲ ದನಿಯಾದವಳಿಗೆ ತನ್ನ ಮಗುವೇ ಅರ್ಥವಾಗುತ್ತಿಲ್ಲವೆಂದರೆ ಏನು ಹೇಳೋಣ!

"ನಾನು ನಿಂಗೆ ಬೇಡ್ವಾ ಪುಟ್ಟಾ?" ಎಂದಳು. ಕೇಳಿದ್ದೇ ತಡ, ಹೌದೇನೋ ಎಂದು ಅವಳಿಗೇ ದಿಗಿಲಾಯಿತು. ತೂಗುವ ಕೈ ಇನ್ನೂ ಜೋರಾಯಿತು, ಅಳುವೂ ಜೋರಾಯಿತು.

ಕೊನೆಗೆ ಸೋತು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕುಳಿತುಬಿಟ್ಟಳು. ಅವಳಿಗೂ ಅಳು ಬಂತು. ಇದು ಸ್ಟುಡಿಯೋದ ಅಳುವಲ್ಲ, ಹೊಟ್ಟೆಯಾಳದಿಂದ ಬಂದದ್ದು. ಆದರೆ ರೂಢಿಬಿದ್ದ ಗಂಟಲಲ್ಲವೇ, ದನಿ ಮಾತ್ರ ಹಸುಗೂಸಿನದೇ! ಮಗು ಗಕ್ಕನೆ ನಿಲ್ಲಿಸಿ, ಕಣ್ಣರಳಿಸಿ ಅವಳನ್ನೇ ನೋಡಿತು. ಅತ್ತಷ್ಟೂ ಅವಳ ಕೈ ಸಡಿಲಾಯಿತು. ಮಗುವಿನ ಕಣ್ಣು ಮೆಲ್ಲಗೆ ಎಳೆಯತೊಡಗಿತು.

ಮೆಟ್ಟಿಲಲ್ಲೇ ಅಳು ಕೇಳಿದ ಅತ್ತೆ ಚೀಲವನ್ನು ಅಲ್ಲೇ ಬಿಟ್ಟು, "ಬಂದೆ ನನ್ ಬಂಗಾರ, ಬಂದೆ!" ಎನ್ನುತ್ತ ಓಡಿಬಂದರು. ನೋಡಿದರೆ ಮಗು ಗಾಢನಿದ್ದೆಯಲ್ಲಿದೆ. ಅಳುತ್ತಿರುವುದು ಸೊಸೆ.

"ಅತ್ತೆ, ಅದಕ್ಕೆ ನಾನು ಬೇಡ ಅನ್ಸುತ್ತೆ."

"ಅಯ್ಯೋ ಹುಚ್ಚಿ! ಬೇಡ ಅಂದಿದ್ರೆ ನಿನ್ ಮಡಿಲಲ್ಲೇ ಹಿಂಗೆ ಬಿದ್ಕೊಳ್ತಿತ್ತಾ?"

ಅವರು ಮಗುವನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು, ಸೊಸೆಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ತಟ್ಟತೊಡಗಿದರು.

"ಹಸಿವಾ?"

"ಊಹೂಂ."

"ಹೊಟ್ಟೆನೋವಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇಲ್ಲ ಅತ್ತೆ. ಯಾರಾದ್ರೂ ಸುಮ್ನೆ ಜೊತೇಲಿ ಕೂತ್ಕೊಂಡ್ರೆ ಸಾಕಿತ್ತು."

"ಅದಕ್ಕೂ ಅಷ್ಟೇ ಕಣೆ," ಎಂದರು ಅತ್ತೆ. ಬೆನ್ನು ತಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.