ಕಂಡಕ್ಟರ್ ಬ್ಲಾಗಿನ ಓದುಗರು

"ಅರ್ಧ ಕುರ್ಚಿ ವಾಪಸ್ ಒಯ್ಯಪ್ಪ, ಇಷ್ಟೆಲ್ಲ ಯಾರಿಗೆ?" ಅಂತ ಕಂಡಕ್ಟರನ ಹೆಂಡತಿ ಕುರ್ಚಿ ಬಾಡಿಗೆಯವನ ಕೈಯಿಂದ ಒಂದೊಂದನ್ನೇ ಕಿತ್ಕೊಂಡು ಮತ್ತೆ ಗಾಡಿಗೇ ಏರಿಸ್ತಿದ್ದಳು. ಒಳಗೆ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಜೀವಮಾನದಲ್ಲೇ ಮೊದಲ ಸಲ ಬೀದಿ ಕಡೆ ಕಿವಿ ಇರಲಿಲ್ಲ ಅವನಿಗೆ.

"ಬಿಡಮ್ಮ," ಅಂದಳು ಮಗಳು. "ಓದೋರೆಲ್ಲ ಬನ್ನಿ ಅಂತ ಅಪ್ಪನ ಬ್ಲಾಗಲ್ಲಿ ಹಾಕಿದ್ದೀನಿ. ಸೇತುವೆ ಅಜ್ಜಿ, ಮೀನಂಗಡಿಯವನು, ಆ ಮೇಜರ್, ಎಲ್ಲ ಬಂದ್ರೆ ನಿಲ್ಲಿಸ್ತೀಯಾ?"

ಹೆಂಡತಿ ಗೇಟಿನ ಕಡೆ ನೋಡಲೇ ಇಲ್ಲ. ಸೇತುವೆ ಅಜ್ಜಿ ಆಗಲೇ ಬಂದಾಗಿತ್ತು. ಕುರ್ಚಿ ಹಿಡ್ಕೊಂಡು ನಿಂತಿತ್ತು.

*

ಕಂಡಕ್ಟರನಿಗೆ ಊರಿನ ಹುಚ್ಚು. ಡ್ಯೂಟಿಯಿಂದ ಬಂದವನು ಶೂ ಬಿಚ್ಚದೇ ಬರೆಯೋಕೆ ಕೂರೋನು. ಯಾವ ರಸ್ತೆ ಅಗೆದರು, ಯಾಕೆ ಮುಚ್ಚಲಿಲ್ಲ, ಹಳೇ ಟಾಕೀಸು ಕೆಡವಿ ಏನು ಕಟ್ತಾರೆ, ಮೇಲ್ಸೇತುವೆ ಬಂದ ಮೇಲೆ ಇಸ್ತ್ರಿಯವನು ಎಲ್ಲಿ ಹೋದ. ಊರಲ್ಲಿ ಒಂದು ಇಟ್ಟಿಗೆ ಕೆಮ್ಮಿದರೂ ಇವನಿಗೆ ಕೇಳಿಸೋದು. ಆದರೆ ಕೆಳಗೆ ಒಬ್ಬರದೂ ಪಿಟ್ಟೆನ್ನೋ ಕಾಮೆಂಟಿಲ್ಲ.

"ಯಾರೂ ಓದಲ್ಲ ಕಣೇ, ನಿಲ್ಲಿಸಿಬಿಡ್ತೀನಿ," ಅಂತ ಒಂದು ಸಂಜೆ ತಟ್ಟೆ ತಳ್ಳಿದ.

ಅವತ್ತೇ ಅಡುಗೆಮನೆಯಲ್ಲಿ, ಹೆಂಡತಿಯ ಫೋನಿನೊಳಗೆ ಸೇತುವೆ ಅಜ್ಜಿ ಹುಟ್ಟಿದಳು. 'ಮಗಾ, ನೀನು ಚರಂಡಿ ಬಗ್ಗೆ ಬರೆದದ್ದು ಓದಿ ಮನೇಲೇ ಮೂಗು ಮುಚ್ಕೊಂಡೆ.' ಕಂಡಕ್ಟರ್ ಅದನ್ನ ನೋಡಿ, ಕೇಳಿ ಕೇಳಿ ಬಡಿಸ್ಕೊಂಡು ಉಂಡ. ಅಜ್ಜಿಗೆ ಜೊತೆ ಬೇಕಲ್ಲ ಅಂತ ಮೀನಂಗಡಿಯವನು ಬಂದ. ಅವನ ಜೊತೆ ಜಗಳಕ್ಕೆ ಒಬ್ಬ ರಿಟೈರ್ಡ್ ಮೇಜರ್. ಮೇಲ್ಸೇತುವೆ ಬೇಕೋ ಬೇಡವೋ ಅಂತ ಇಬ್ಬರೂ ತಿಂಗಳುಗಟ್ಟಲೆ ಕಿತ್ತಾಡಿದರು. ಎರಡೂ ಬಾಯಿ ಹೆಂಡತಿಯದೇ.

"ಈ ಮೇಜರ್ ಒಳ್ಳೇ ಮನುಷ್ಯ ಕಣೇ, ಬಾಯಿ ಮಾತ್ರ ಹರಕು," ಅಂತ ಕಂಡಕ್ಟರ್ ಅವಳಿಗೇ ಹೇಳೋನು.

*

ಹೇಳಿದ ಹೊತ್ತು ಮೀರಿತು. ಅಕ್ಕಪಕ್ಕದ ಮನೆಯವರು ಬಿಟ್ಟರೆ ನರಪಿಳ್ಳೆಯಿಲ್ಲ. ಮಗಳು ಗೇಟಿಗೂ ಬಾಗಿಲಿಗೂ ಓಡಾಡ್ತಿದ್ದಳು.

"ಒಬ್ಬರೂ ಇಲ್ವಲ್ಲಮ್ಮ. ಅಪ್ಪ ಅಷ್ಟು ವರ್ಷ ಯಾರಿಗೆ ಬರೆದ್ರು?"

ಇವತ್ತು ಗಂಡನ ಮಾನ ಹೋಗುತ್ತೆ, ಹೋಗೋದು ನನ್ನಿಂದಲೇ ಅನ್ನಿಸಿ ಹೆಂಡತಿ ಖಾಲಿ ಕುರ್ಚಿಗಳನ್ನ ಮತ್ತೆ ಗಾಡಿಗೆ ಏರಿಸೋಕೆ ಹೋದಳು.

"ಜನ ಬರೋದು ತಡ ಆಗುತ್ತಕ್ಕ," ಅಂದ ಕುರ್ಚಿಯವನು. "ಮಾರ್ಕೆಟ್ ರಸ್ತೆ ಬೆಳಿಗ್ಗೆ ಅಗೆದುಹಾಕಿದ್ದಾರೆ. ಕಂಡಕ್ಟರ್ ಇದ್ದಿದ್ರೆ ನಿನ್ನೇನೇ ಬರೀತಿದ್ರು, ಹಿಂದಿನ ಗಲ್ಲೀಲಿ ಬನ್ನಿ ಅಂತ. ಹೇಳೋರಿಲ್ಲದೆ ಜನ ಎಲ್ಲ ಅಲ್ಲೇ ಸಿಕ್ಕಾಕ್ಕೊಂಡಿದಾರೆ."

"ನೀನು ಓದ್ತೀಯಾ?"

"ಓದದೆ ಈ ಊರಲ್ಲಿ ಗಾಡಿ ಓಡ್ಸೋದು ಹೇಗಕ್ಕ?"

"ಹಾಗಾದ್ರೆ ಒಂದು ಮಾತು ಬರೆದು ಹಾಕೋಕೆ ಏನಾಗಿತ್ತು ನಿಂಗೆ?"

"ಒಂದ್ಸಲ ಬರೆಯೋಕೆ ಹೋದೆ. ಆ ಮೇಜರ್ ಮೀನಂಗಡಿಯವನಿಗೆ ಬೈದಿದ್ದು ನೋಡಿ ನಮಗ್ಯಾಕೆ ಅಂತ ಬಿಟ್ಟುಬಿಟ್ಟೆ. ನಮ್ಮ ಗಾಡಿ ಸ್ಟ್ಯಾಂಡಲ್ಲಿ ಎಲ್ರೂ ಹಂಗೇ. ಸುಮ್ನೆ ಓದ್ಕೊಂಡು ಹೋಗೋದು."

ಅವಳು ಗಾಡಿಗೆ ಏರಿಸಿದ್ದ ಕುರ್ಚಿಯನ್ನೇ ಎಳೆದು ಕೂತಳು. ಹೊಟ್ಟೆಯೊಳಗಿಂದ ನಗು ಬರ್ತಿತ್ತು, ಸೆರಗಿನಲ್ಲಿ ಬಾಯಿ ಮುಚ್ಕೊಂಡಳು. ಅಳ್ತಿದಾಳೆ ಅಂತ ಪಕ್ಕದ ಮನೆಯವಳು ಬೆನ್ನು ಸವರಿದಳು.

ಆಮೇಲೆ ಬಂದರು ನೋಡಿ. ಆಟೋದವರು, ನರ್ಸುಗಳು, ಮಣ್ಣು ಮೆತ್ತಿದ ಪ್ಯಾಂಟಿನ ಪಾಲಿಕೆ ಎಂಜಿನಿಯರ್. ಇರುವೆ ಸಾಲು ಅದರ ಮುಂದೆ ಚಿಕ್ಕದು. ಎಂಜಿನಿಯರ್ ಕೈ ಮುಗಿದು, ಆಚೀಚೆ ನೋಡಿ, ಮೆಲ್ಲಗೆ ಕೇಳಿದ:

"ಮೇಡಂ, ಆ ಮೇಜರ್ ಬಂದಿಲ್ಲ ತಾನೇ?"

"ಅವನಿನ್ನು ಬರಲ್ಲ," ಅಂದಳು. "ಆರಾಮಾಗಿ ಮಾತಾಡಿ."

ಹಿಂದಿನ ಗಲ್ಲೀಲಿ ಹಿಡಿಸದ ಶವದ ವ್ಯಾನು ಅಗೆದ ರಸ್ತೆ ಬಾಯಿಗೆ ಬಂದು ನಿಂತಿತು. ಹಿಂದೆ ನಡ್ಕೊಂಡು ಬರ್ತಿದ್ದವರೆಲ್ಲ ಗುಂಡಿ ಸುತ್ತ ಸೇರಿದರು. ಪೈಪು ಸಣ್ಣದಾಯ್ತು ಅಂದ ಒಬ್ಬ. ನಿಂಗೇನು ಗೊತ್ತು ಅಂದ ಇನ್ನೊಬ್ಬ. ನರ್ಸು ಎಂಜಿನಿಯರನ ಕಾಲರೇ ಹಿಡಿಯೋ ಹಾಗೆ ಬೆರಳು ಆಡಿಸಿದಳು. ವ್ಯಾನಿನೊಳಗೆ ಕಂಡಕ್ಟರನ ಹೆಂಡತಿ ಚಪ್ಪಲಿ ಬಿಟ್ಟು, ಗಂಡನ ಪಕ್ಕದಲ್ಲೇ ಕಾಲು ಚಾಚಿ, ಅವನಿಗೂ ಕೇಳಲಿ ಅಂತ ಕಿಟಕಿ ಪೂರ್ತಿ ಸರಿಸಿದಳು. ಆಚೆ ಕಾಣ್ತಿದ್ದದ್ದು ಬರೀ ಬೆನ್ನುಗಳು, ಎಲ್ಲವೂ ಗುಂಡಿಯೊಳಕ್ಕೆ ಬಗ್ಗಿಕೊಂಡು.