ಒಬ್ಬಳಾಗಿ ಹೋದ ಏಳು ಭಾಗ್ಯವಂತಿಯರು

ನಿಶಾತಳ ಕೆಲಸ ಏನೆಂದು ಅಫಜಲಪುರದ ಅವಳ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹುಡುಗಿ ಮಾಳಿಗೆ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತನ್ನಷ್ಟಕ್ಕೆ ತಾನೇ ಜಗಳವಾಡುತ್ತಾಳೆ ಎಂಬುದಷ್ಟೇ ಸುದ್ದಿ. ಅದು ಪೂರ್ತಿ ಸುಳ್ಳೂ ಅಲ್ಲ. ಜೇವರ್ಗಿಯ ಬೇಳೆ ಮಿಲ್ಲಿನ ಸಾಫ್ಟ್‌ವೇರು, ಆಳಂದದ ಔಷಧ ಅಂಗಡಿಯದು, ಘತ್ತರಗಿಯ ದವಾಖಾನೆಯದು, ಮೂರನ್ನೂ ಬರೆದವಳು ಅವಳೇ, ನೋಡಿಕೊಳ್ಳುವವಳೂ ಅವಳೇ. ಕಂಪನಿ ಇಲ್ಲ, ತಲೆಯ ಮೇಲೊಬ್ಬ ಸಾಹೇಬ ಇಲ್ಲ. ಸ್ವಂತ ಕೆಲಸದ ಸುಖ ಅದು. ತಪ್ಪಾದರೆ ಹೊರಿಸಲು ಇನ್ನೊಬ್ಬರ ಹೆಗಲು ಸಿಗುವುದಿಲ್ಲ ಎಂಬುದು ಅದರ ಸಂಕಟ.

ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಘತ್ತರಗಿಯ ಡಾಕ್ಟರರು ಫೋನು ಮಾಡಿ ಗೊಣಗಿದ್ದರು. ಒಬ್ಬರದೇ ಹೆಸರು ಎರಡು ಸಲ, ಮೂರು ಸಲ ಬರುತ್ತದೆ, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಚೊಕ್ಕ ಮಾಡಿಕೊಡಿ ಎಂದಿದ್ದರು. ಅದೇನು ದೊಡ್ಡ ಮಾತು? ಹೆಸರು ಒಂದೇ, ಊರು ಒಂದೇ, ಮೊಬೈಲ್ ನಂಬರೂ ಒಂದೇ ಆದರೆ ಮನುಷ್ಯರೂ ಒಬ್ಬರೇ. ನಿಶಾತ ನಾಲ್ಕು ಸಾಲು ಬರೆದು, ಮನೆಯಿಂದಲೇ ದವಾಖಾನೆಯ ಕಂಪ್ಯೂಟರಿಗೆ ಜೋಡಿಸಿಕೊಂಡು ಓಡಿಸಿಬಿಟ್ಟಳು. ಕೈಯಲ್ಲಿದ್ದ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಹಳೆಯದರ ಒಂದು ಪ್ರತಿಯನ್ನು ರೂಢಿಯಂತೆ ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು, ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ಪಕ್ಕದ ಮನೆಯ ತುಳಜಾಬಾಯಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಕೈಯಲ್ಲಿ ಮೊಬೈಲು.

“ನಿಮ್ಮವ್ವಂದು ಗ್ಯಾಸಿನ ಮೆಸೇಜ್ ಬಂದದ ನೋಡವಾ.”

“ಅಮ್ಮೀದು ನಿಮ್ಮ ಫೋನಿಗ್ಯಾಕ ಬಂತು ಮೌಶಿ?”

“ಓಣ್ಯಾಗಿನ ಹೆಣಮಕ್ಕಳೆಲ್ಲಾ ನಂದೇ ನಂಬರ ಕೊಡ್ತಾರ. ಅವರವರ ಮನಿ ಫೋನು ಗಂಡಸರ ಕಿಸೇದಾಗ ಹೊರಗ ಹೋಗಿರ್ತದ. ಮನ್ಯಾಗ ಇರೋದು ನಂದೊಂದೇ.”

ನಿಶಾತ ನಕ್ಕಳು. ನಗು ತುಟಿಯ ಮೇಲೆ ಇರುವಾಗಲೇ ನಿನ್ನೆ ಬರೆದ ನಾಲ್ಕು ಸಾಲು ನೆನಪಾದವು.

ಘತ್ತರಗಿಯಲ್ಲೂ ಹೀಗೇ ಅಲ್ಲವೇ? ಅಲ್ಲಿನ ಹೆಂಗಸರು ದವಾಖಾನೆಗೆ ಬಂದರೆ ಆಶಾ ಕಾರ್ಯಕರ್ತೆಯ ನಂಬರು ಬರೆಸುತ್ತಾರೆ. ಗಂಡನ ಹೆಸರಿನ ಜಾಗ ಖಾಲಿ, ಏಕೆಂದರೆ ಹೆಂಗಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಂಪೌಂಡರನೂ ಕೆದಕಿ ಕೇಳುವುದಿಲ್ಲ. ವಯಸ್ಸು ಕೇಳಿದಾಗಲೊಮ್ಮೆ ಒಂದೊಂದು. ಇನ್ನು ಹೆಸರು. ಭೀಮೆಯ ಆ ದಂಡೆಯಲ್ಲಿ ಹೆಣ್ಣು ಹುಟ್ಟಿದರೆ ಹೆಸರಿಗಾಗಿ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಗುಡಿಯಲ್ಲಿರುವ ಭಾಗ್ಯವಂತಿ ಅಮ್ಮನ ಹೆಸರೇ ಮಗುವಿಗೂ. ಇದೇ ನೆಲದಲ್ಲಿ ಹುಟ್ಟಿ ಬೆಳೆದ ನಿಶಾತಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ಕೀಲಿಮಣೆಯ ಮುಂದೆ ಕೂತ ಗಳಿಗೆಯಲ್ಲಿ ಅವಳು ಯಾವ ಊರಿನವಳೂ ಆಗಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರತಿ ತೆರೆದಳು. ಘತ್ತರಗಿ, ಆಶಾ ಕಾರ್ಯಕರ್ತೆಯ ನಂಬರು, ಭಾಗ್ಯವಂತಿ. ಏಳು ಜನ. ಏಳು ಜನ ಹೆಂಗಸರನ್ನು ಅವಳು ಒಂದು ಚಹಾದ ಹೊತ್ತಿನಲ್ಲಿ ಒಬ್ಬಳನ್ನಾಗಿ ಮಾಡಿದ್ದಳು. ಅವರಲ್ಲಿ ಒಬ್ಬಳ ಹೆಸರಿನ ಮುಂದೆ ಕೆಂಪು ಗುರುತು: ನೋವಿನ ಇಂಜೆಕ್ಷನ್ ಆಗಿಬರುವುದಿಲ್ಲ, ಹಿಂದೆ ಕೊಟ್ಟಾಗ ಉಸಿರು ಕಟ್ಟಿತ್ತು. ಹೊಸದರಲ್ಲಿ ಆ ಗುರುತು ಇಲ್ಲ. ಎಲ್ಲರಿಗಿಂತ ಕೊನೆಗೆ ಬಂದು ಹೋದ ಭಾಗ್ಯವಂತಿಯ ವಿವರವಷ್ಟೇ ಉಳಿದಿತ್ತು, ಅವಳಿಗೆ ಎಲ್ಲ ಔಷಧವೂ ಆಗಿಬರುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಾಲಾಗಿ ಫೋನು ಮಾಡಿದಳು. ರೋಗಿಗಳನ್ನು ನೋಡುವಾಗ ಡಾಕ್ಟರರು ಫೋನು ಮುಟ್ಟುವವರಲ್ಲ. ಕಂಪೌಂಡರ್ ಕಲ್ಯಾಣಕುಮಾರ ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆಂದು ಫೋನಿನೊಳಗಿನ ಹೆಂಗಸು ಮತ್ತೆ ಮತ್ತೆ ಹೇಳಿದಳು. ಅಮಾವಾಸ್ಯೆಗೆ ಗುಡಿಯ ಜನ ಕೂಡಿದರೆ ಘತ್ತರಗಿಯ ನೆಟ್‌ವರ್ಕು ಕೈಯೆತ್ತಿಬಿಡುತ್ತದೆ. ಕಂಪ್ಯೂಟರಿಗೂ ಜೋಡಣೆ ಸಿಗಲಿಲ್ಲ. ನಿಶಾತ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಸ್ಕೂಟಿ ಹತ್ತಿದಳು.

ದಾರಿಯುದ್ದಕ್ಕೂ ಜನ. ನಡೆಯುವವರು, ಟಂಟಂ ಆಟೋ, ಟ್ರ್ಯಾಕ್ಟರು, ಎಲ್ಲರೂ ಅಮ್ಮನ ಕಡೆಗೆ. ಹಾರ್ನು ಹೊಡೆದು ಹೊಡೆದು ಅವಳ ಹೆಬ್ಬೆರಳು ನೊಂದಿತು. ನಿಜ ಹೇಳಬೇಕೆಂದರೆ, ಮೊದಲು ಅವಳ ಮನಸ್ಸಿಗೆ ಬಂದದ್ದು ಆ ಹೆಂಗಸಲ್ಲ, ತನ್ನ ಹೆಸರು. ಗೌಸಮೊಹಿದ್ದೀನನ ಮಗಳು ಬರೆದ ಸಾಫ್ಟ್‌ವೇರಿನಿಂದ ಒಬ್ಬಳು ಸತ್ತಳಂತೆ ಎಂದು ಮೂರು ತಾಲೂಕು ಆಡಿಕೊಳ್ಳುವುದು. ಆಮೇಲೆ ಉಸಿರಿಗಾಗಿ ಬಾಯಿ ತೆರೆದ ಮುಖವೊಂದು ಕಣ್ಣ ಮುಂದೆ ಬಂತು, ಕಂಡರಿಯದ ಮುಖ. ತನ್ನ ಹೆಸರು ಮೊದಲು ನೆನಪಾದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಇವತ್ತು ಆ ಹೆಂಗಸು ಬಾರದಿರಲಿ ಎಂದು ಬಾಯಲ್ಲಿ ದುವಾ ಗುನುಗಿದಳು. ಊರ ತುಂಬ ನೆಂಟರು, ನಸುಕಿನಿಂದ ಒಲೆಯ ಮುಂದೆ ಬಾಗಿದ ಹೆಂಗಸರ ಬೆನ್ನು. ನೋವಿನ ಇಂಜೆಕ್ಷನ್ನಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲವೆಂದು ಅವಳ ಒಳಗೇ ಯಾರೋ ಹೇಳಿದರು.

ದವಾಖಾನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಯಾಣಕುಮಾರ ಚೀಟಿ ಹರಿಯುತ್ತಿದ್ದ. ನಿಶಾತ ಅವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು. ಅವನು ಚೀಟಿ ಹರಿಯುವುದನ್ನು ನಿಲ್ಲಿಸಿದ.

“ಮೇಡಮ್ಮರ, ನಂಗ ಯಾವ ಭಾಗ್ಯವಂತಿ ಅಂತ ಹ್ಯಾಂಗ ಗೊತ್ತಾಗ್ಬೇಕ್ರಿ? ಈಗ ನಾ ಬರೇ ಕಂಪ್ಯೂಟರ್ ನೋಡೇ ಚೀಟಿ ಕೊಡಾಕತ್ತೇನಿ.”

ನಿಶಾತ ಜನರ ಕಡೆ ತಿರುಗಿ ಗಂಟಲೆತ್ತಿ ಕೇಳಿದಳು. “ಘತ್ತರಗಿ ಭಾಗ್ಯವಂತಿ ಯಾರದೀರಿ?”

ಐದು ಮಂದಿ ಎದ್ದು ನಿಂತರು.

ಒಬ್ಬಳ ಕಂಕುಳಲ್ಲಿ ಕೂಸು, ಒಬ್ಬಳು ಮುದುಕಿ, ಒಬ್ಬಳ ತಲೆಗೆ ನೋವೆಂದು ಬಿಗಿದ ಬಟ್ಟೆ, ಇನ್ನಿಬ್ಬರು ಅಕ್ಕಪಕ್ಕ ಕೂತು ಹರಟುತ್ತಿದ್ದವರು. ನಿನ್ನೆ ಅಷ್ಟು ಸಲೀಸಾಗಿ ಒಂದಾದವರು ಈಗ ಐದು ಕಡೆಯಿಂದ ಅವಳನ್ನು ನೋಡುತ್ತಿದ್ದರು.

“ನೋವಿನ ಇಂಜೆಕ್ಷನ್ ಮಾಡಿಸ್ಕೊಂಡಾಗ ಯಾರಿಗರೆ ತ್ರಾಸ ಆಗಿತ್ತೇನ್ರಿ? ಉಸುರು ಹಿಡದಂಗ?”

ಐವರೂ ತಲೆಯಲ್ಲಾಡಿಸಿದರು. ಮುದುಕಿ ಮಾತ್ರ ಕೂರುತ್ತ ಅಂದಳು. “ಇನ್ನೊಬ್ಬಾಕಿ ಭಾಗ್ಯವಂತಿ ಈಗರೆ ಒಳಗ ಹೋದ್ಲು ನೋಡವಾ. ಸೊಂಟ ಹಿಡ್ಕೊಂಡು.”

ನಿಶಾತ ಜನರನ್ನು ತಳ್ಳಿಕೊಂಡು ಪರದೆ ಸರಿಸಿದಳು. ಉದ್ದನೆಯ ಮರದ ಬಾಕಿನ ಮೇಲೆ ಮೂವತ್ತರ ಆಸುಪಾಸಿನ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರರು ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ತೆಗೆಯುತ್ತಿದ್ದರು. ಅವರ ಮಗ್ಗುಲಲ್ಲಿ ಕಂಪ್ಯೂಟರಿನ ಪರದೆ ಹೊಳೆಯುತ್ತಿತ್ತು, ಅದರಲ್ಲಿ ಕೆಂಪು ಎಲ್ಲೂ ಇರಲಿಲ್ಲ.

“ಸರ್, ಬ್ಯಾಡ್ರಿ. ಆ ಕಂಪ್ಯೂಟರಿಂದು ನಂಬಬ್ಯಾಡ್ರಿ, ತಪ್ಪದ. ತಪ್ಪು ನಂದು.”

ಡಾಕ್ಟರರ ಕೈ ಅಲ್ಲೇ ನಿಂತಿತು. ನಿಶಾತ ಬಾಕಿನ ಬಳಿ ಕುಕ್ಕರಿಸಿ ಹೆಂಗಸನ್ನು ಕೇಳಿದಳು, ಹಿಂದೆ ಎಂದಾದರೂ ಇಂಜೆಕ್ಷನ್ನಿನಿಂದ ಉಸಿರು ಕಟ್ಟಿತ್ತೇ ಎಂದು.

“ಕಟ್ಟಿತ್ತಲ್ಲ ಯಕ್ಕಾ,” ಹೆಂಗಸು ಈ ಕಡೆ ಹೊರಳಿದಳು. “ಮಾರಿ ಬಾತು, ಕಣ್ಣಿಗಿ ಕತ್ತಲಿ ಬಂದು, ಹೋಗೇಬಿಟ್ಟಿದ್ದೆ. ಇದೇ ಸಾಹೇಬ್ರು ಉಳಿಸಿದ್ರು.”

ಡಾಕ್ಟರರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಇಟ್ಟ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದರು. ಹೆಂಗಸಿನ ಕಡೆ ತಿರುಗಿದರು. “ಅಲ್ಲಬೇ, ಮತ್ತ ಈಗ ಯಾಕ ಹೇಳಲಿಲ್ಲ?”

“ಅವತ್ತ ಕಂಪ್ಯೂಟರನ್ಯಾಗ ಬರಸೀರಲ್ರಿ. ಮನುಷ್ಯರರೆ ಮರೀತಾರ. ಅದು ಮರೀತದೇನ್ರಿ?”

ಹೊರಗೆ ಗುಡಿಗೆ ಹೋಗುವವರು ಅಮ್ಮನಿಗೆ ಜೈಕಾರ ಹಾಕುವುದು ಕೇಳಿಸುತ್ತಿತ್ತು.

ನಿಶಾತ ಅಲ್ಲೇ ನೆಲದ ಮೇಲೆ ಕೂತು, ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರತಿಯನ್ನು ದವಾಖಾನೆಯ ಕಂಪ್ಯೂಟರಿಗೆ ಮರಳಿ ತುಂಬಿದಳು. ಏಳು ಜನ ಏಳಾಗಿಯೇ ಬಂದರು. ಕೆಂಪು ಗುರುತೂ ಬಂತು. ಭಾಗ್ಯವಂತಿ ಬಾಕಿನಿಂದ ಕತ್ತು ನೀಡಿ ಆ ಕೆಂಪನ್ನು ನೋಡಿದಳು, ಮುಖ ಅರಳಿತು.

“ಮತ್ತ ಬರದಿ ಯಕ್ಕಾ? ಅಂದ್ರ ಇನ್ನ ನಾ ನೆನಪಿಡೋ ಕೆಲಸಿಲ್ಲ, ಹೌದಿಲ್ಲ?”

ನಿಶಾತ ಅವಳ ಕೈ ಹಿಡಿದುಕೊಂಡಳು.

“ನೆನಪಿಡ್ರಿ,” ಅಂದಳು. “ನಿಮ್ಮ ಕಾಲಿಗಿ ಬೀಳ್ತೇನಿ, ನೀವು ನೆನಪಿಡ್ರಿ.”