ಕಾಗುಣಿತ ತಪ್ಪದ ಕಳ್ಳರು

ನನ್ನ ಗಂಡ ಚಕ್ರಪಾಣಿಯವರು ಜಯನಗರದಲ್ಲಿ ಇದುವರೆಗೆ ಮೂರು ಬೇಕರಿ, ಒಂದು ಮೆಸ್ಸು ಮತ್ತು ಒಬ್ಬ ಹಲ್ಲಿನ ಡಾಕ್ಟರ ಜೊತೆ ಜಗಳವಾಡಿದ್ದಾರೆ. ಎಲ್ಲವೂ ಬೋರ್ಡಿನ ವಿಷಯಕ್ಕೆ. ಮೆಸ್ಸಿನವನು ‘ಹಕ್ಕಿ ರೊಟ್ಟಿ’ ಎಂದು ಬರೆಸಿದ್ದ. ಇವರು ಒಳಗೆ ಹೋಗಿ, “ಯಾವ ಹಕ್ಕೀದಪ್ಪಾ, ಗುಬ್ಬಚ್ಚೀದಾ, ಕಾಗೇದಾ?” ಎಂದು ಕೇಳಿ ತಿಂಡಿ ತಿನ್ನದೆ ಎದ್ದು ಬಂದರು. ಮೂವತ್ತೆಂಟು ವರ್ಷ ಮುದ್ರಣಾಲಯವೊಂದರಲ್ಲಿ ಪ್ರೂಫ್ ತಿದ್ದಿದವರು. ನಿವೃತ್ತರಾದ ಮೇಲೂ ಜೇಬಿನಲ್ಲಿ ಕೆಂಪು ಪೆನ್ನಿಲ್ಲದೆ ಹಾಲು ತರುವುದಕ್ಕೆ ಸಹ ಹೋಗುವುದಿಲ್ಲ. ನನ್ನ ದಿನಸಿ ಚೀಟಿ ಅಂಗಡಿ ಸೇರುವ ಮೊದಲು ಅವರ ಕೈ ದಾಟಿಯೇ ಹೋಗಬೇಕು.

ನಾನು ಪಂಕಜಾ. ಬನಶಂಕರಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನೀವು ನಗುವಾಗ ಅವರೊಬ್ಬರನ್ನೇ ನೋಡಿ ನಗಬಾರದು. ನಿಂತು ಪಾಠ ಮಾಡಿ ಮಾಡಿ ನನ್ನ ಎರಡೂ ಮಂಡಿ ಸವೆದುಹೋಗಿವೆ. ನಾವಿರುವುದು ಮೊದಲನೇ ಮಹಡಿಯಲ್ಲಿ, ಕೆಳಗಡೆ ಬಾಡಿಗೆಯವರು. ಮಂಡಿ ಬದಲಾಯಿಸಿದರೆ ಮೊದಲಿನ ಹಾಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದು ಆರು ಲಕ್ಷ ಎತ್ತಿಟ್ಟಿದ್ದೆ. ಆ ದುಡ್ಡು ಗಂಡನದಲ್ಲ, ಮಗನದಲ್ಲ, ನನ್ನದು.

ಕಳೆದ ವರ್ಷ ಇವರ ಮೊಬೈಲಿಗೆ ‘ಝಣ್‌ಕಾಯಿನ್’ ಎಂಬ ಕ್ರಿಪ್ಟೋ ಕಂಪನಿಯ ಜಾಹೀರಾತು ಬಂತು. ಇವರು ಅದನ್ನು ಕಾಫಿ ಕುಡಿಯುವಾಗ ಗಟ್ಟಿಯಾಗಿ ಓದಿದರು. ‘ನಿಮ್ಮ ಆಸಕ್ತಿ ಪ್ರತಿದಿನ ಶೇಕಡ ಎರಡು ಬೆಳೆಯುತ್ತದೆ. ಗೂಳಿ ಓಟ ಆರಂಭ. ತಡ ಮಾಡದೆ ಹತ್ತಿ.’ ಬಡ್ಡಿ ಎನ್ನಬೇಕಾದ ಕಡೆ ಆಸಕ್ತಿ ಎಂದು, ಬೆಲೆ ಏರುತ್ತಿದೆ ಎನ್ನಬೇಕಾದ ಕಡೆ ಗೂಳಿ ಓಟ ಎಂದು ಬರೆದಿದ್ದರು. ಯಾವುದೋ ಇಂಗ್ಲಿಷ್ ಜಾಹೀರಾತನ್ನು ಯಂತ್ರಕ್ಕೆ ಹಾಕಿ ತಿರುವಿದ್ದು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ಭಾನುವಾರವೇ ಪಾರ್ಕಿನ ಹಿರಿಯರ ಕೂಟದಲ್ಲಿ ಇವರ ಭಾಷಣ. ಆನ್‌ಲೈನ್ ಮೋಸವನ್ನು ಕಂಡುಹಿಡಿಯುವುದು ಹೇಗೆ ಎಂಬುದು ವಿಷಯ. ಬೇರೆಯವರಾಗಿದ್ದರೆ ಕಂಪನಿ ನೋಂದಣಿಯಾಗಿದೆಯೇ ನೋಡಿ, ಲಾಭ ಖಚಿತ ಎನ್ನುವವರನ್ನು ನಂಬಬೇಡಿ ಎಂದೆಲ್ಲ ಹೇಳುತ್ತಿದ್ದರು. ಇವರು ಹೇಳಿದ್ದು ಒಂದೇ ಮಾತು: “ಕನ್ನಡ ನೋಡಿ. ಕಳ್ಳನಿಗೆ ಕಾಗುಣಿತ ಬರಲ್ಲ.” ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ಹೊಡೆದೆ.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ತಪ್ಪು ಕಂಡರೆ ಇವರಿಗೆ ಕೈ ಕಡಿಯುತ್ತದೆ. ಝಣ್‌ಕಾಯಿನ್‌ನವರ ಜಾಹೀರಾತನ್ನು ಪ್ರಿಂಟ್ ಹಾಕಿಸಿ, ಕೆಂಪು ಪೆನ್ನಿನಲ್ಲಿ ಹತ್ತೊಂಬತ್ತು ತಪ್ಪು ಗುರುತಿಸಿ, ಫೋಟೋ ತೆಗೆದು ಅವರಿಗೇ ಕಳಿಸಿದರು. ಮಾರನೆಯ ದಿನ ಉತ್ತರ ಬಂತು. ಸಮನ್ವಿತಾ ಎಂಬ ಹೆಸರು, ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಫೋಟೋ. ‘ಗುರುಗಳೇ, ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ.’ ಇವರು ‘ನಿಮ್ಮಂಥೋರು’ ಎಂಬುದನ್ನು ‘ತಮ್ಮಂಥವರು’ ಎಂದು ತಿದ್ದಿ ವಾಪಸು ಕಳಿಸಿದರು. ಅವಳು ಅದಕ್ಕೂ ಕೈ ಮುಗಿದಳು. ಅವಳೋ, ಆ ಫೋಟೋ ಮುಂದಿಟ್ಟುಕೊಂಡು ಬೀಡಿ ಸೇದುತ್ತಿದ್ದ ಯಾವನೋ, ಆ ದೇವರಿಗೇ ಗೊತ್ತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ಇವರು ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಊಟದ ಮೇಜಿನ ಮೇಲೆ ಕಾಗದ ಹರಡಿ ಕೂರುತ್ತಿದ್ದರು. ಏನೆಂದು ಕೇಳಿದರೆ, “ಒಂದು ಸಂಸ್ಥೆಯವರು ಕೇಳ್ಕೊಂಡಿದಾರೆ, ಸೇವೆ ಅಂತ ಮಾಡ್ತಿದೀನಿ,” ಎನ್ನುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. ನನ್ನ ದಿನಸಿ ಚೀಟಿ ಎರಡು ತಿಂಗಳು ತಿದ್ದುಪಡಿಯಿಲ್ಲದೆ ಅಂಗಡಿಗೆ ಹೋಯಿತು. ಯಾವ ಸಂಸ್ಥೆಯಾದರೂ ಆಗಲಿ, ಅವರ ಮನೆ ತಣ್ಣಗಿರಲಿ ಎಂದು ನಾನು ಹರಸಿದೆ.

ಅಷ್ಟರಲ್ಲಿ ಅದೇ ಝಣ್‌ಕಾಯಿನ್‌ನ ಜಾಹೀರಾತು ನನ್ನ ಮೊಬೈಲಿಗೂ ಬಂತು. ನಗೋಣವೆಂದು ತೆರೆದರೆ ನಗಲು ಏನೂ ಇರಲಿಲ್ಲ. ‘ತಮ್ಮ ಪರಿಶ್ರಮದ ಗಳಿಕೆಗೆ ದಿನಕ್ಕೆ ಶೇಕಡ ಎರಡರಂತೆ ಬಡ್ಡಿ. ಆತುರ ಬೇಡ, ವಿಚಾರ ಮಾಡಿ, ನಂತರವೇ ಹೂಡಿ.’ ಅರ್ಧವಿರಾಮ ಕೂಡ ಇರಬೇಕಾದ ಜಾಗದಲ್ಲೇ ಇತ್ತು. ಸರ್ಕಾರದ ಸುತ್ತೋಲೆಯಲ್ಲೂ ಅಂಥ ಕನ್ನಡ ನಾನು ಕಂಡಿಲ್ಲ. ಯಾರೋ ಒಳ್ಳೆಯ ಮನೆತನದವರು ಈ ಕಂಪನಿಯನ್ನು ಕೊಂಡಿರಬೇಕು ಎಂದುಕೊಂಡೆ.

ಆದರೂ ಒಮ್ಮೆ ಪರೀಕ್ಷಿಸೋಣ ಎನಿಸಿತು. ಕಂಪನಿಯ ಹೆಸರನ್ನು ಹೆಬ್ಬೆರಳಲ್ಲಿ ಮುಚ್ಚಿ ಮೊಬೈಲನ್ನು ಇವರ ಮುಂದೆ ಹಿಡಿದೆ. “ರೀ, ಈ ವಾಕ್ಯ ಹೇಗಿದೆ ನೋಡಿ.”

ಇವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ತುಟಿಯಂಚಿನಲ್ಲೇ ನಕ್ಕರು. “ನೂರಕ್ಕೆ ನೂರು. ಬರೆದೋನು ಬಲ್ಲವನು ಕಣೇ.”

ಹೊಸ ಮದುಮಗನ ಹಾಗೆ ಏಕೆ ನಾಚಿಕೊಂಡರು ಎಂದು ನನಗೆ ಆಗ ಹೊಳೆಯಲಿಲ್ಲ. ಗಂಡನೇ ಸರ್ಟಿಫಿಕೇಟು ಕೊಟ್ಟ ಮೇಲೆ ಇನ್ನೇನು ಬೇಕು? ಹತ್ತು ಸಾವಿರ ಹಾಕಿದೆ. ವಾರಕ್ಕೆ ಹನ್ನೊಂದೂವರೆ ಸಾವಿರ ಬ್ಯಾಂಕಿಗೆ ವಾಪಸು ಬಂತು. ನನಗೆ ದುರಾಸೆ ಹತ್ತಿತು. ಎರಡು ಮಂಡಿಗೆ ಎತ್ತಿಟ್ಟದ್ದು ನಾಲ್ಕು ಮಂಡಿಗೆ ಆಗುವಷ್ಟಾಗಲಿ ಎನಿಸಿತು. ನನಗಿರುವುದು ಎರಡೇ ಮಂಡಿ ಎಂಬುದನ್ನು ಯೋಚಿಸಲಿಲ್ಲ. ಇವರಿಗೆ ಹೇಳದೆ ಮೂರೂವರೆ ಲಕ್ಷ ಹಾಕಿದೆ. ಆ್ಯಪಿನೊಳಗೆ ಅದು ದಿನದಿನವೂ ಉಬ್ಬುತ್ತಿತ್ತು.

ಆಸ್ಪತ್ರೆಯವರು ತಾರೀಕು ಕೊಟ್ಟರು. ಹಣ ತೆಗೆಯಲು ಹೋದರೆ, ಖಾತೆ ‘ವಜ್ರ’ ದರ್ಜೆಗೆ ಏರಿದ ಮೇಲಷ್ಟೇ ಸಾಧ್ಯ ಎಂದು ಆ್ಯಪು ಹೇಳಿತು. ಅದಕ್ಕೆಂದು ಒಂದು ಬುಧವಾರ ಬೆಳಗ್ಗೆ ಉಳಿದ ಎರಡೂವರೆ ಲಕ್ಷವನ್ನೂ ಕಟ್ಟಿದೆ. ಮಧ್ಯಾಹ್ನ ಮತ್ತೆ ಹಣ ಕೇಳಿದಾಗ ಈ ಉತ್ತರ ಬಂತು: ‘ತಮ್ಮ ಹಣ ಸುರಕ್ಷಿತವಾಗಿದೆ. ಹಿಂಪಡೆಯುವ ಮುನ್ನ ಲಾಭದ ಶೇಕಡ ಮೂವತ್ತನ್ನು ತೆರಿಗೆಯಾಗಿ ಪಾವತಿಸತಕ್ಕದ್ದು. ಇದನ್ನು ಅನ್ಯಥಾ ಭಾವಿಸಬಾರದಾಗಿ ಸವಿನಯ ಕೋರಿಕೆ.’

ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಹಣ ಹೋಯಿತು ಎಂಬುದಕ್ಕಲ್ಲ, ಅದು ಹೊಳೆದದ್ದು ಆಮೇಲೆ. ಈ ವಾಕ್ಯವನ್ನು ನಾನು ಬಲ್ಲೆ. ನನ್ನ ತಂಗಿಯ ಗೃಹಪ್ರವೇಶಕ್ಕೆ ಇವರು ಬರದಿದ್ದಾಗ, ನನ್ನ ನಿವೃತ್ತಿ ಸಮಾರಂಭಕ್ಕೆ ಬರದಿದ್ದಾಗ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ಪ್ರತಿ ಚೀಟಿಯೂ ಇದೇ ಮಾತಿನಲ್ಲಿ ಮುಗಿಯುತ್ತಿತ್ತು. ನಲವತ್ತೊಂದು ವರ್ಷ ನನಗೆ ಇಲ್ಲ ಎಂದ ವಾಕ್ಯ ಅದು.

ಇವರು ಊಟದ ಮೇಜಿನ ಮೇಲೆ ಇನ್ನೊಂದು ಕಾಗದ ತಿದ್ದುತ್ತಿದ್ದರು. ಮೊಬೈಲನ್ನು ಅದರ ಮೇಲೇ ಇಟ್ಟೆ.

“ಇದು ನೀವು ಬರ್ದಿದ್ದಾ?”

“ತಿದ್ದಿದ್ದು,” ಎಂದರು, ಹೆಮ್ಮೆಯಿಂದಲೇ. “ಅವರು ‘ಟ್ಯಾಕ್ಸ್ ಕಟ್ಟದೆ ಹಣ ಬರಲ್ಲ’ ಅಂತ ಬರ್ದಿದ್ರು. ತುಂಬಾ ಒರಟಾಗಿತ್ತು. ನಿಂಗೆಲ್ಲಿ ಸಿಕ್ತು?”

“ನನ್ನ ಮಂಡಿ ದುಡ್ಡು ಇದರಲ್ಲಿದೆ. ಅಷ್ಟೂ.”

ಅವರ ಮುಖ ಬಿಳಿಚಿಕೊಂಡಿತು. ನಾನು ಬಿಡಲಿಲ್ಲ. “ಜನರ ದುಡ್ಡು ಯಾಕೆ ವಾಪಸ್ ಕೊಡ್ತಿಲ್ಲ ಅಂತ ಒಂದ್ಸಲನಾದ್ರೂ ಕೇಳ್ಬಾರ್ದಿತ್ತಾ ನೀವು?”

“ನಾನು ಅಕ್ಷರ ನೋಡೋನು ಪಂಕಜಾ. ವಿಷಯ ನೋಡೋದು ನನ್ನ ಕೆಲಸ ಅಲ್ಲ.” ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದರು. “ನೀನು ಗಣಿತದ ಮೇಷ್ಟ್ರು. ದಿನಕ್ಕೆ ಎರಡು ಪರ್ಸೆಂಟ್ ಅಂದ್ರೆ ವರ್ಷಕ್ಕೆ ಎಷ್ಟಾಗುತ್ತೆ ಅಂತ ಹಾಕಿ ನೋಡ್ಲಿಲ್ವಾ?”

ಹಾಕಿರಲಿಲ್ಲ. ಅಲ್ಲೇ ನಿಂತು ಹಾಕಿದೆ. ಚಕ್ರಬಡ್ಡಿ, ಎಂಟನೇ ತರಗತಿ ಪಾಠ. ನನ್ನ ಆರು ಲಕ್ಷ ಒಂದು ವರ್ಷಕ್ಕೆ ಎಂಬತ್ತು ಕೋಟಿ ದಾಟುತ್ತಿತ್ತು. ಇಂಥ ಉತ್ತರ ಬರೆದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಕಟ್ಟಿದ ಹಣವನ್ನು ಕೆಲವೊಮ್ಮೆ ದಾರಿಯಲ್ಲೇ ತಡೆಯುತ್ತಾರೆಂದು ಕೇಳಿದ್ದೆ. ನಾನು ಮೊಬೈಲ್ ಎತ್ತಿಕೊಂಡೆ. ಇವರು ಹೊಸ ಹಾಳೆ ಎತ್ತಿಕೊಂಡರು.

“ಸ್ವಲ್ಪ ತಡಿ, ಮೊದ್ಲು ಒಂದು ದೂರು ನೀಟಾಗಿ ಬರೀತೀನಿ. ನನ್ನ ವಿಷಯ ಎಲ್ಲಿ ಬರಬೇಕು, ಎಲ್ಲಿ ಬರಬಾರ್ದು ಅಂತ ನೋಡ್ಕೊಂಡು...”

“ನಿಮ್ಮ ಪೂರ್ಣವಿರಾಮ ಬೀಳೋವರೆಗೂ ಅವರು ಕಾಯ್ತಾ ಕೂತಿರ್ತಾರಾ?” ಎಂದು ನಂಬರು ಒತ್ತಿದೆ. ಆ ಕಡೆ ಒಬ್ಬ ಹೆಣ್ಣುಮಗಳ ದನಿ. ನಾನು ತಡವರಿಸುತ್ತ, ಅರ್ಧ ಇಂಗ್ಲಿಷು ಅರ್ಧ ಕನ್ನಡ ಸೇರಿಸಿ ಎಲ್ಲ ಹೇಳಿದೆ. ಖಾತೆ ನಂಬರು, ಕಟ್ಟಿದ ಹೊತ್ತು ಎಲ್ಲ ಬರೆದುಕೊಂಡು ಅವರು ಕೇಳಿದರು: “ಯಾರನ್ನ ನಂಬಿ ಹಾಕಿದ್ರಿ ಮೇಡಂ? ಯಾರಾದ್ರೂ ಹೇಳಿದ್ರಾ?”

ಇವರು ಎದುರಿಗೆ ನಿಂತು ಬೇಡ, ಬೇಡ ಎಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. ಪಾರ್ಕಿನವರಿಗೆ ತಿಳಿದರೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಆದರೆ ಆ ಸಮನ್ವಿತಾಳ ನಂಬರು, ಎರಡು ತಿಂಗಳ ಮಾತುಕತೆ ಎಲ್ಲ ಇದ್ದದ್ದು ಅವರ ಮೊಬೈಲಿನಲ್ಲಿ.

“ನಮ್ಮನೆಯವರನ್ನ ನಂಬಿ ಹಾಕ್ದೆ,” ಎಂದೆ. “ಆ ಕಂಪನಿಯವರ ಹತ್ರ ಮಾತಾಡಿದ್ದೂ ಅವ್ರೇ. ಪಕ್ಕದಲ್ಲೇ ಇದಾರೆ, ಕೊಡ್ತೀನಿ.”

ಬೆಳಗ್ಗೆ ಕಟ್ಟಿದ್ದ ಎರಡೂವರೆ ಲಕ್ಷ ಯಾವುದೋ ಬ್ಯಾಂಕಿನಲ್ಲಿ ಸಿಕ್ಕಿಬಿತ್ತು. ಕೋರ್ಟಿನ ಆದೇಶವಾಗಿ ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಮಿಕ್ಕಿದ್ದು ಹೋಯಿತು. ಇವರು ಸೈಬರ್ ಠಾಣೆಗೆ ಆರು ಸಲ ಹೋಗಿ ಬಂದರು. ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದರು.

“ಯಾವ ಮಂಡಿ ಮೊದ್ಲು ಮಾಡೋಣಮ್ಮಾ?” ಎಂದು ಡಾಕ್ಟರು ಕೇಳಿದರು.

“ಮೊದ್ಲು, ಆಮೇಲೆ ಅಂತೆಲ್ಲ ಇಲ್ಲ ಡಾಕ್ಟ್ರೇ. ಒಂದಕ್ಕೇ ಇರೋದು.”

ಬಲಮಂಡಿ ಈಗ ಹೊಸದು. ಎಡಗಡೆಯದು ಹಾಗೇ ಇದೆ, ಆದ್ದರಿಂದ ಮೆಟ್ಟಿಲು ಇಳಿಯಬೇಕಾದರೆ ಇವರ ಭುಜ ಹಿಡಿಯಬೇಕು. ಮೊದಮೊದಲು ವಯಸ್ಸಾದವರೆಂದು ಮೈ ಬಿಗಿಹಿಡಿದು ಹಗುರಾಗಿ ಹಿಡಿಯುತ್ತಿದ್ದೆ. ಈಗ ಪೂರ್ತಿ ಭಾರ ಬಿಡುತ್ತೇನೆ. ಪ್ರತಿ ಮೆಟ್ಟಿಲಿಗೂ ನರಳುತ್ತಾರೆ, ಆದರೆ ಒಂದು ದಿನವೂ ನಿಧಾನ ಎಂದು ಹೇಳಿದವರಲ್ಲ.